ಇಲ್ಲದ ಕೈಯ ಮುಷ್ಟಿ

ಹುಬ್ಬಳ್ಳಿಯ ಒಂದು ದವಾಖಾನೆಯ ವಿದ್ಯುತ್ ಚಿಕಿತ್ಸೆಯ ಕೋಣೆಯಲ್ಲಿ ಕೆಲಸ ಸಿಕ್ಕಿತೆಂದು ನನ್ನ ತಂಗಿಯ ಮಗಳು ಸರೋಜಾ ಹೋದ ತಿಂಗಳು ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದಳು. "ದೊಡ್ಡವ್ವ, ನೀ ಮಾಡಿದ್ದ ಕೆಲಸನ ನನಗೂ ಸಿಕ್ಕೈತಿ ನೋಡು. ಏನರ ನಾಕ ಮಾತು ಹೇಳು" ಎಂದಳು. ಪೇಡೆ ತಿಂದೆ. ಆಗಲೇ ಹೇಳಿದ್ದರೆ ಅವಳ ಸಂತೋಷ ಅಲ್ಲೇ ಇಳಿದುಹೋಗುತ್ತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬೇಕೆನಿಸಿದಾಗ ಓದಿಕೊಳ್ಳಲಿ.

ನಾನು ನಿವೃತ್ತಳಾದ ದಿನ ಹಾರ ಹಾಕಿ, ಭಾಷಣ ಮಾಡಿ, 'ಸೇವೆ' ಎಂಬ ಮಾತನ್ನು ಎಲ್ಲರೂ ಒಂದೊಂದು ಸಲ ಆಡಿದರು. ಆ ಭಾಷಣಗಳಲ್ಲಿ ಬಾರದೆ ಉಳಿದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ನನ್ನ ತವರು ಅಕ್ಕಲಕೋಟೆ. ಊರಿಗೆ ಊರೇ ಜ್ವರ ಬಂದು ಮಲಗಿದ ವರ್ಷ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅಪ್ಪ ಧೈರ್ಯಸ್ಥ, ನಾಲ್ಕು ಮಂದಿಯ ಮಾತಿಗೆ ಕಿವಿಗೊಡದೆ ನನ್ನನ್ನು ಸೊಲ್ಲಾಪುರಕ್ಕೆ ಕರೆತಂದು ನರ್ಸಿನ ಕೆಲಸ ಕಲಿಯಲು ಬಿಟ್ಟ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಮರಾಠಿ. ನರ್ಸುಗಳನ್ನು ಅಲ್ಲಿ 'ಬಾಯಿ' ಎಂದು ಕರೆಯುತ್ತಿದ್ದರು, ಕನ್ನಡದವರು 'ಬಾಯಾರು' ಎನ್ನುತ್ತಿದ್ದರು. ರೋಗಿಗಳ ಪೈಕಿ ಮಗ್ಗದವರು ತೆಲುಗರು, ಗಿರಣಿಯವರು ಎಲ್ಲ ಕಡೆಯವರು. ಯಾರಿಗೆ ಯಾವ ಭಾಷೆಯಲ್ಲಿ ನೋಯುತ್ತದೆ ಎಂದು ತಿಳಿದುಕೊಳ್ಳುವುದೇ ಅರ್ಧ ಕೆಲಸವಾಗಿತ್ತು.

ಆ ಆಸ್ಪತ್ರೆಯ ಹೆಸರು ಬೇಡ. ಅಲ್ಲಿನ ಮುಖ್ಯಸ್ಥರನ್ನು ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಒಳ್ಳೆಯ ಶಸ್ತ್ರವೈದ್ಯರು, ಅದರಲ್ಲಿ ಸುಳ್ಳಿಲ್ಲ. ಕೈಕಾಲು ಕತ್ತರಿಸಬೇಕಾದಾಗ ಅವರಷ್ಟು ಬೇಗ, ಅವರಷ್ಟು ಸ್ವಚ್ಛವಾಗಿ ಕೆಲಸ ಮುಗಿಸುವವರನ್ನು ನಾನು ಮತ್ತೆ ನೋಡಲಿಲ್ಲ. ಕತ್ತರಿಸಿದ ಮೇಲೆ ಆ ಮನುಷ್ಯ ಹೇಗಿದ್ದಾನೆ ಎಂಬುದು ಮಾತ್ರ ಅವರಿಗೆ ಬೇಸರದ ವಿಷಯ.

ಮುಂಬಯಿಯಲ್ಲಿ ಕಲಿತು ಬಂದ ವಾಮನರಾವ್ ಎಂಬ ತರುಣ ಡಾಕ್ಟರು ನಮ್ಮಲ್ಲಿಗೆ ಸೇರಿದಾಗ ಅವರ ಜೊತೆಗೇ ಆ ಪೆಟ್ಟಿಗೆಯೂ ಬಂತು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು. ಒಳಗೆ ಸಾಲಾಗಿ ಸೆಲ್ಲುಗಳು, ಮೇಲೆ ಹಿತ್ತಾಳೆಯ ಗುಂಡಿಗಳು, ಗಾಜಿನ ಕೆಳಗೆ ಒಂದು ಮುಳ್ಳು. ಆಗಿನ್ನೂ ನಮ್ಮ ಆಸ್ಪತ್ರೆಗೆ ತಂತಿಯ ವಿದ್ಯುತ್ ಬಂದಿರಲಿಲ್ಲ. ಶಕ್ತಿ ಏನಿದ್ದರೂ ಆ ಸೆಲ್ಲುಗಳದ್ದೇ. ಎರಡು ತಗಡಿನ ಫಲಕಗಳಿಗೆ ಫ್ಲಾನೆಲ್ ಬಟ್ಟೆ ಸುತ್ತಿ, ಉಪ್ಪುನೀರಲ್ಲಿ ನೆನೆಸಿ, ಮೈಮೇಲೆ ಇಟ್ಟು, ಗುಂಡಿಯನ್ನು ಮೆಲ್ಲಗೆ ಸರಿಸಬೇಕು. ಪೆಟ್ಟಿಗೆಯಲ್ಲಿ ಎರಡು ಬಗೆಯ ಪ್ರವಾಹಗಳಿದ್ದವು. ಒಂದು ಸಮನಾಗಿ ಹರಿಯುವಂಥದ್ದು. ಇರುವೆ ಹರಿದಂತೆ ಇರುತ್ತದೆ. ಇನ್ನೊಂದು ಗರ್ ಎಂದು ಸದ್ದು ಮಾಡುತ್ತ ಸ್ನಾಯುಗಳನ್ನು ಕುಣಿಸುತ್ತದೆ. ನನಗೆ ಕಲಿಸುವಾಗ ವಾಮನರಾವ್ ಮೊದಲು ಎರಡನ್ನೂ ನನ್ನ ಕೈಮೇಲೆ ಇಡಿಸಿದರು. "ನಿಮ್ಮ ಮೈಮೇಲೆ ಇಟ್ಟುಕೊಳ್ಳದ್ದನ್ನು ಇನ್ನೊಬ್ಬರ ಮೈಮೇಲೆ ಇಡಬೇಡಿ" ಎಂದರು. ನಾನು ಪಡೆದ ತರಬೇತಿಯಲ್ಲಿ ನೆನಪಿಟ್ಟುಕೊಳ್ಳುವಂಥ ವಾಕ್ಯ ಅದೊಂದೇ.

ಮೇಲಧಿಕಾರಿ ಎಂದರೇನೆಂದು ನನಗೆ ತಿಳಿದದ್ದು ಒಬ್ಬ ನೇಕಾರನ ಹೆಂಡತಿಯಿಂದ. ಅವಳ ಮುಖದ ಒಂದು ಬದಿ ಸೋತು ಜೋತುಬಿದ್ದಿತ್ತು. ಅಂದು ದೊಡ್ಡ ಡಾಕ್ಟರ ಗೆಳೆಯರಿಬ್ಬರು ಯಂತ್ರ ನೋಡಲು ಬಂದಿದ್ದರು. ತಾವೇ ಮಾಡಿ ತೋರಿಸುವ ಹುಮ್ಮಸ್ಸು ಅವರಿಗೆ. ನೆನೆಸಿದ ಬಟ್ಟೆಯ ಬೋಗುಣಿಯನ್ನು ನಾನು ಅವರ ಕೈಗೆ ನಿಲುಕುವಂತೆ ಇಟ್ಟಿದ್ದೆ. ಮಾತಿನ ಭರದಲ್ಲಿ ಅವರು ಬರೀ ತಗಡನ್ನೇ ಅವಳ ಕೆನ್ನೆಗೆ ಒತ್ತಿ ಗುಂಡಿ ಸರಿಸಿದರು. ಅವಳು ಅವರ ಕೈಹಿಡಿದು ಏನೋ ಹೇಳಿದಳು. ತೆಲುಗು ಯಾರಿಗೂ ತಿಳಿಯಲಿಲ್ಲ. ತೆಗೆದು ನೋಡಿದರೆ ಕೆನ್ನೆಯಲ್ಲಿ ರೂಪಾಯಿ ಅಗಲದ ಸುಟ್ಟ ಗಾಯ. ಮರುದಿನ ಎಲ್ಲರೆದುರಿಗೆ ನನ್ನನ್ನು ಕರೆದು, "ಬಾಯಿ, ನೀವು ಬಟ್ಟೆ ನೆನೆಸಿರಲಿಲ್ಲ" ಎಂದರು. ಅವರ ಕಣ್ಣು ನೋಡಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ರಾತ್ರಿ ಕಳೆಯುವುದರೊಳಗೆ ಹಾಗೇ ಆಗಿತ್ತೆಂದು ನಂಬಿಬಿಟ್ಟಿದ್ದರು. ಸುಳ್ಳಿಗೆ ಉತ್ತರ ಕೊಡಬಹುದು ಸರೋಜಾ, ಇದಕ್ಕೆ ಕೊಡಲಾಗುವುದಿಲ್ಲ.

ಬೀರಪ್ಪ ಬಂದದ್ದು ಅದಾದ ಮೇಲೆ.

ಬೀರಪ್ಪ ಬೋರಾಮಣಿಯ ಕುರಿಗಾರರ ಮನೆಯವನು. ಕುರಿಗಾರರ ದೇವರು ಬೀರೋಬನ ಒಕ್ಕಲು. ಕುರಿ ಅಣ್ಣನ ಪಾಲಿಗೆ ಬಿಟ್ಟು ಸೊಲ್ಲಾಪುರದ ಗಿರಣಿಗೆ ಬಂದಿದ್ದ. ಹತ್ತಿ ಹಿಂಜುವ ಯಂತ್ರಕ್ಕೆ ಬಲಗೈ ಸಿಕ್ಕಿತು. ದೊಡ್ಡ ಡಾಕ್ಟರು ಮೊಣಕೈ ಮೇಲೆ ಕತ್ತರಿಸಿ ಜೀವ ಉಳಿಸಿದರು. ಗಾಯ ಚೆನ್ನಾಗಿ ಮಾಗಿ ಅವನು ಮನೆಗೆ ಹೋದ. ಕೆಲವೇ ವಾರಗಳಲ್ಲಿ ಮತ್ತೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತ, ಮೈ ಅರ್ಧ ಇಳಿದುಹೋಗಿತ್ತು.

"ಏನ್ ತ್ರಾಸ ಬೀರಪ್ಪ?" ಎಂದೆ.

"ಮುಷ್ಟಿ ಬಿಚ್ಚವಲ್ದ್ರಿ, ಬಾಯಾರ."

"ಯಾವ ಮುಷ್ಟಿ?"

ಅವನು ತೋಳಿನ ಮೊಂಡಿನ ಕೆಳಗೆ, ಏನೂ ಇಲ್ಲದಲ್ಲಿಗೆ, ಎಡಗೈಯಿಂದ ತೋರಿಸಿದ. "ಇದ. ಯಂತ್ರದಾಗ ಸಿಕ್ಕಾಗ ಹೆಂಗ ಬಿಗಿದಿತ್ತಲ್ರಿ, ಹಂಗೇ ಐತಿ. ಉಗುರು ಅಂಗೈಯಾಗ ಇಳದಾವ. ಬಿಚ್ಚಬೇಕಂದ್ರ ಬಟ್ಟ ಎಲ್ಲ್ಯಾವ ಹಿಡಿಯಾಕ?" ಎಂದು ಇಲ್ಲದ ಬೆರಳುಗಳನ್ನು ಎಡಗೈಯಿಂದ ಬಿಡಿಸುವಂತೆ ಮಾಡಿ ತೋರಿಸಿದ.

ಅವನ ಹೆಂಡತಿ ಲಗಮವ್ವ ನನ್ನನ್ನು ಬೇರೆ ಕರೆದು ಕೇಳಿದಳು: "ಆ ಕೈ ಎಲ್ಲಿ ಹುಗದೀರಿ, ಬಾಯಾರ? ನಮ್ಮ ಹಿರೇರು ಹೇಳ್ತಾರ, ಬಟ್ಟ ಮಡಚಿಗೊಂಡ ಹೋಗ್ಯಾವ, ಅದಕ್ಕ ಹಿಂಗಾಗೈತಿ ಅಂತ. ತೋರಿಸ್ರಿ. ತಗದು, ಬಟ್ಟ ಬಿಡಿಸಿ, ನೆಟ್ಟಗ ಮಾಡಿ, ಮತ್ತ ನಾವ ಹುಗಿತೀವಿ."

ಕತ್ತರಿಸಿದ ಅಂಗಗಳನ್ನು ನಮ್ಮಲ್ಲಿ ಸುಟ್ಟುಬಿಡುತ್ತಿದ್ದರು. ಯಾರನ್ನೂ ಕೇಳುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಒಂದ ಮಾತು ಕೇಳಬೇಕಾಗಿತ್ರಿ" ಎಂದಳು.

ಈ ನೋವು ಪುಸ್ತಕದಲ್ಲಿದೆ ಎಂದು ವಾಮನರಾವ್ ಹೇಳಿದರು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೂ ಬರುತ್ತದಂತೆ. ಅಂಗ ಹೋದರೂ ಅದರ ನರದ ಬುಡ ಸುಮ್ಮನಿರುವುದಿಲ್ಲವಂತೆ. ದೊಡ್ಡ ಡಾಕ್ಟರು ಒಪ್ಪಲಿಲ್ಲ. ಅವರು ಕತ್ತರಿಸಿದ ಮೇಲೆ ನೋಯುವುದು ಅವರಿಗೆ ಅವಮಾನ. "ನಾಟಕ ಕರತೋಯ್" ಎಂದು ಮರಾಠಿಯಲ್ಲಿ ಹೇಳಿದರು, ನಾಟಕ ಮಾಡುತ್ತಿದ್ದಾನೆ ಎಂದು. ಇಂಥ ನಾಟಕಕ್ಕೂ ಔಷಧ ಅದೇ ಪೆಟ್ಟಿಗೆ ಎನ್ನುವುದು ಅವರ ನಂಬಿಕೆ. ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ, ಗರ್ ಎನ್ನುವ ಪ್ರವಾಹವನ್ನು ಕೊನೆಯ ಗುಂಡಿಯವರೆಗೆ ಒಂದೇ ಸಲಕ್ಕೆ ಸರಿಸಿದರು. ಬೀರಪ್ಪನ ಮೈ ಕುರ್ಚಿಯಿಂದ ಎದ್ದು ಬಿತ್ತು. "ಈಗ ಕೈ ಎಲ್ಲಿದೆ?" ಎಂದು ಕೇಳಿದರು. ಅವನು ಹಲ್ಲು ಕಚ್ಚಿಕೊಂಡು, "ಇಲ್ಲೇ ಐತ್ರಿ" ಎಂದ. ಮತ್ತೆ ಸರಿಸಿದರು. ಕೊನೆಗೆ ಅವನು, "ಇಲ್ರಿ ಸಾಹೇಬ್ರ, ಕೈ ಇಲ್ರಿ, ನೋವೂ ಇಲ್ರಿ" ಎಂದ. ದೊಡ್ಡ ಡಾಕ್ಟರು ವಾಮನರಾವ್ ಕಡೆ ತಿರುಗಿ ನಕ್ಕು ಕೈತೊಳೆಯಲು ಹೋದರು.

ಮುಂದೆ ಬಹಳ ದಿನ ಬೀರಪ್ಪ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ದವಾಖಾನೆಯ ಅಂಗಳಕ್ಕೆ ಬರುತ್ತಿದ್ದ, ಕೂರುತ್ತಿದ್ದ, ಹೋಗುತ್ತಿದ್ದ. ವಾಮನರಾವ್ ತಾವೇ ಹೊರಗೆ ಹೋಗಿ ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಮಾತಾಡಿಸುತ್ತಿದ್ದರು. ಅವರ ಕನ್ನಡ ತೊಡರುತ್ತಿತ್ತು, ಬೀರಪ್ಪನ ಮರಾಠಿಯೂ ಅಷ್ಟೇ. ಒಂದು ಸೋಮವಾರ, ದೊಡ್ಡ ಡಾಕ್ಟರು ಊರಲ್ಲಿಲ್ಲದಾಗ, ಅವನು ತಾನಾಗಿ ಒಳಗೆ ಬಂದ. "ಬಾಯಾರ, ಗುಂಡಿ ನೀವ ಸರಿಸ್ತೀರೇನು?" ಎಂದು ಕೇಳಿದ. "ನಾನ ಸರಿಸ್ತೀನಿ. ಬ್ಯಾಡ ಅಂದಲ್ಲಿ ನಿಲ್ಲಸ್ತೀನಿ" ಎಂದೆ.

ಒಂದು ಫಲಕವನ್ನು ಬೆನ್ನಿನ ಮೇಲ್ಭಾಗಕ್ಕೆ, ಇನ್ನೊಂದನ್ನು ಕಂಕುಳ ಹತ್ತಿರ ನರ ಹಾಯುವಲ್ಲಿ ಇಟ್ಟೆವು. ವಾಮನರಾವ್ ತೋರಿಸಿದಂತೆ ಮೊದಲು ಸಮನಾದ ಪ್ರವಾಹ, ಕಡೆಗೆ ಮತ್ತೊಂದು, ಅದೂ ಇದೆಯೋ ಇಲ್ಲವೋ ಎನ್ನುವಷ್ಟು. ಬೀರಪ್ಪ ಕಣ್ಣು ಮುಚ್ಚಿದ್ದ. ಹಣೆಯ ಮೇಲೆ ಬೆವರಿತ್ತು. ಆಮೇಲೆ ಅವನ ಮುಖ ಬದಲಾಗತೊಡಗಿತು. ಯಾರೋ ಕಿವಿಯಲ್ಲಿ ಮಾತಾಡುತ್ತಿದ್ದಂತೆ ಕೇಳಿಸಿಕೊಳ್ಳುತ್ತಿದ್ದ.

"ಬಿಚ್ಚಾಕತ್ತೈತ್ರಿ," ಎಂದ. "ಕಿರಿಬಟ್ಟ ಮೊದಲ... ಹಾಂ, ಅದರ ಬಾಜೂದು... ಜರಾ ಹಂಗೇ ಇರಲ್ರಿ." ಉಸಿರು ಬಿಗಿಹಿಡಿದಿದ್ದ. "ಹೆಬ್ಬಟ್ಟ ಬಂತ್ರಿ. ಅಂಗೈಗೆ ಗಾಳಿ ತಾಕಾಕತ್ತೈತಿ."

ಅಂಗೈಗೆ ಗಾಳಿ. ಆ ಕೈಯನ್ನು ಸುಟ್ಟು ಎಷ್ಟೋ ಕಾಲವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಲಗಮವ್ವ ಒಳಗೆ ಬಂದು, ಗಂಡನ ತೋಳಿನ ಕೆಳಗೆ, ಅಂಗೈ ಇರಬೇಕಾಗಿದ್ದ ಜಾಗದಲ್ಲಿ, ಸೆರಗಿನಿಂದ ಮೆಲ್ಲಗೆ ಗಾಳಿ ಹಾಕಿದಳು. ವಾಮನರಾವ್ ಕಿಟಕಿಯ ಕಡೆ ತಿರುಗಿ ನಿಂತರು. ನನ್ನ ಕೆಲಸದ ಬದುಕಿನಲ್ಲಿ ಸಂತೋಷದ ದಿನ ಯಾವುದೆಂದು ಯಾರಾದರೂ ಕೇಳಿದರೆ ಅದೇ.

ಆ ಸಮಾಧಾನ ಮೂರು ನಾಲ್ಕು ದಿನ ಇರುತ್ತಿತ್ತು. ಮತ್ತೆ ಮುಷ್ಟಿ ಬಿಗಿದಾಗ ಬರುತ್ತಿದ್ದ, ಮತ್ತೆ ಬಿಚ್ಚುತ್ತಿದ್ದೆವು. ಅವನಿಗೆ ಊಟ ಸೇರಿತು, ನಿದ್ದೆ ಬಂತು. ಗಿರಣಿಯ ಬಾಗಿಲಲ್ಲಿ ಕಾವಲುಗಾರನ ಕೆಲಸಕ್ಕೆ ಸೇರಿಕೊಂಡ. ಗುಣವಾಯಿತೆಂದು ನಾನು ಹೇಳುತ್ತಿಲ್ಲ. ಬದುಕುವಂತಾಯಿತು. ನಮ್ಮ ಕೆಲಸದಲ್ಲಿ ಅದೇ ದೊಡ್ಡದು.

ಅಷ್ಟರಲ್ಲಿ ತಡವಳದ ಪಾಟೀಲರ ಕಾಲು ಹೋಯಿತು. ಅಕ್ಕಲಕೋಟೆ ಸೀಮೆಯಲ್ಲಿ ಅವರ ಹೊಲಗಳಿಗೆ ಲೆಕ್ಕವಿರಲಿಲ್ಲ. ಸಕ್ಕರೆ ರೋಗ; ಹೆಬ್ಬೆರಳಿನ ಗಾಯ ಕಪ್ಪಾಗಿ ಮೇಲೇರಿತು. ದೊಡ್ಡ ಡಾಕ್ಟರು ಮೊಣಕಾಲಿನ ಕೆಳಗೆ ಕತ್ತರಿಸಿದರು. ತಮ್ಮ ದೊಡ್ಡ ವಾಡೆಯ ಮನೆಗೆ ಮರಳಿದ ಪಾಟೀಲರಿಗೆ ಇಲ್ಲದ ಹೆಬ್ಬೆರಳು ಕೆಂಡದಲ್ಲಿಟ್ಟಂತೆ ಉರಿಯತೊಡಗಿತು. ಅವರು ಹೇಳಿಕಳಿಸಿದಾಗ ದೊಡ್ಡ ಡಾಕ್ಟರು ನಾಟಕವೆನ್ನಲಿಲ್ಲ. "ಅದು ನರದ ವಿಕಾರ, ಪುಸ್ತಕದಲ್ಲಿದೆ" ಎಂದರು. ಪೆಟ್ಟಿಗೆಯನ್ನೂ ನನ್ನನ್ನೂ ತಡವಳಕ್ಕೆ ಕಳಿಸುವುದೆಂದು ತೀರ್ಮಾನವಾಯಿತು.

ವಾಮನರಾವ್ ಜಗಳವಾಡಿದರು. ಬಾಗಿಲು ಮುಚ್ಚಿದ್ದರೂ ವರಾಂಡಕ್ಕೆ ಕೇಳುತ್ತಿತ್ತು. "ಬೀರಪ್ಪನ ಗತಿ ಏನು?" ಎಂದು ಕೇಳಿದರು. "ಅವನು ತಾನೇ ಒಪ್ಪಿಕೊಂಡಿದ್ದಾನಲ್ಲ, ನೋವಿಲ್ಲ ಅಂತ" ಎಂಬ ಉತ್ತರ ಬಂತು. ಆ ತಿಂಗಳು ಮುಗಿಯುವುದರೊಳಗೆ ವಾಮನರಾವ್ ಕೆಲಸ ಬಿಟ್ಟು ಮುಂಬಯಿಗೆ ಹೋದರು. ಅವರಿಗೆ ಹೋಗಲು ಊರೊಂದಿತ್ತು.

ರೈಲಿಳಿದು, ಎತ್ತಿನ ಗಾಡಿಯಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಡವಳಕ್ಕೆ ಹೋದೆ. ಪಾಟೀಲರು ಕೆಟ್ಟವರಲ್ಲ. ವಯಸ್ಸಾದ, ದಪ್ಪ ಮೀಸೆಯ, ನೋವಿಗೆ ನಾಚಿಕೊಳ್ಳುವ ಮನುಷ್ಯ. "ಬಾಯಾರ, ಮನ್ಯಾಗ ಯಾರಿಗೂ ನಂಬಿಗಿಲ್ಲ," ಎಂದರು ಮೊದಲ ದಿನವೇ. "ಕಾಲಿಗೆ ಎಣ್ಣಿ ಹಚ್ಚು ಅಂದ್ರ ನಮ್ಮಾಕಿ ಕೇಳ್ತಾಳ, ಎಲ್ಲಿ ಹಚ್ಚಲಿ ಅಂತ. ಆಕಿ ಕೇಳೂದೂ ಖರೇನ ಐತಿ." ಚಿಕಿತ್ಸೆ ಅವರಿಗೆ ಹಿಡಿಸಿತು. ಉರಿ ತಗ್ಗುತ್ತಿತ್ತು.

ಹದಿನೈದು ದಿನ ಕಳೆದಿರಬೇಕು. ವಾಡೆಯ ಬಾಗಿಲಲ್ಲಿ ಬೀರಪ್ಪ ನಿಂತಿದ್ದ. ಕಾವಲು ಕೆಲಸ ಬಿಟ್ಟು ಪೆಟ್ಟಿಗೆಯನ್ನು ಹುಡುಕಿಕೊಂಡು ಬಂದಿದ್ದ. ಆಳುಗಳು ತಡೆದರು. ಪಾಟೀಲರು ಒಳಗಿನಿಂದ ಕೇಳಿ, "ಯಾರಂವ? ಕೈ ಇಲ್ಲದಂವ? ಬಿಡ್ರಿ ಅವನ್ನ" ಎಂದರು.

ಪಡಸಾಲೆಯಲ್ಲಿ ಪಾಟೀಲರು ಮಂಚದ ಮೇಲೆ, ಬೀರಪ್ಪ ಕೆಳಗೆ ಕಂಬಳಿಯ ಮೇಲೆ ಕೂತರು.

"ನಿಂದು ಎಲ್ಲಿತನಕ ಐತೋ?" ಎಂದು ಪಾಟೀಲರು ಕೇಳಿದರು.

"ಪೂರಾ ಐತ್ರಿ, ಪಾಟೀಲ್ರ. ಉಗುರಿನ ತನಕ."

"ನಂದು ನಡಬರಕ ಇಲ್ಲ. ಪಾದ ಅಷ್ಟ ಐತಿ, ಮೊಣಕಾಲಿಗೆ ಹಚ್ಚಿದಂಗ. ಹೆಬ್ಬಟ್ಟ ಉರಿತೈತಿ. ನಿಂದು ಮಳಿ ಮೋಡ ಆದಾಗ ಹೆಚ್ಚಾಗತೈತೇನು?"

"ಆಗತೈತ್ರಿ. ಮಂದಿ ಬಾಜೂಕ ಹಾದು ಹೋದ್ರ ಕೈಗೆ ಬಡಿತಾರೇನೋ ಅಂತ ಸರಕೋತೀನ್ರಿ."

"ನಾನೂ ಹಾಸಿಗ್ಯಾಗ ಕಾಲ ಎಳಕೋತೀನಿ," ಎಂದು ಪಾಟೀಲರು ನಕ್ಕರು. ಕಾಲು ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲೆಂದು ಅವರ ಹೆಂಡತಿ ನನಗೆ ಹೇಳಿದರು.

ಪಾಟೀಲರು ಅವನಿಗೆ ಕೊಟ್ಟಿಗೆಯ ಪಕ್ಕದಲ್ಲಿ ಇರಲು ಜಾಗ ಕೊಟ್ಟರು. ಬೆಳಗ್ಗೆ ಪಾಟೀಲರದಾದ ಮೇಲೆ ಬೀರಪ್ಪನಿಗೆ ಚಿಕಿತ್ಸೆ. ಉಳಿದ ಹೊತ್ತು ಇಬ್ಬರೂ ಮಾತಾಡುತ್ತಿದ್ದರು, ಬೇರೆ ಊರಲ್ಲಿರುವ ಮಕ್ಕಳ ಬಗ್ಗೆ ಮಾತಾಡುವವರ ಹಾಗೆ, ಹೋದ ಕೈಕಾಲುಗಳ ಬಗ್ಗೆ. ಪಾಟೀಲರ ಮಗನಿಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ತಂದೆಗೆ ಎದುರಾಡುವ ಧೈರ್ಯ ಅವನಿಗಿರಲಿಲ್ಲ.

ಸೆಲ್ಲುಗಳು ಸೋಲತೊಡಗಿದವು. ಮೊದಲು ಅರ್ಧಕ್ಕೆ ಏರುತ್ತಿದ್ದ ಮುಳ್ಳು ಈಗ ಅಲುಗಾಡಿ ಸುಮ್ಮನಾಗುತ್ತಿತ್ತು. ಹೊಸವು ಮುಂಬಯಿಯಿಂದ ಬರಬೇಕು. ದೊಡ್ಡ ಡಾಕ್ಟರಿಗೆ ಹೇಳಿಕಳಿಸಿದೆ, ಮತ್ತೆ ಹೇಳಿಕಳಿಸಿದೆ. ತರಿಸುತ್ತೇವೆ ಎಂದರು. ಒತ್ತಾಯಿಸಲು ವಾಮನರಾವ್ ಇರಲಿಲ್ಲ. ಉಳಿದದ್ದನ್ನು ಇಬ್ಬರಿಗೂ ಹಂಚಿದರೆ ಇಬ್ಬರಿಗೂ ಸಾಲದು ಎಂದು ಪಾಟೀಲರಿಗೆ ಹೇಳಲೇಬೇಕಾಯಿತು, ಅವರೇ ಕೇಳಿದ್ದರು.

ಮರುದಿನ ಬೀರಪ್ಪ ಎಂದಿನಂತೆ ಬಂದು ಅಂಗಿ ಬಿಚ್ಚಿ ಕೂತ. ಪಾಟೀಲರು ಗೋಡೆಯ ಕಡೆ ಮುಖ ಮಾಡಿದ್ದರು.

"ಬೀರಪ್ಪ, ಹೊಸಾ ಸೆಲ್ ಬರೂತನಕ ನೀ ಬ್ಯಾಡ."

ಬೀರಪ್ಪ ಬಿಚ್ಚಿದ ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಆಮೇಲೆ, "ನಿಮಗ ಗೊತ್ತೈತಲ್ರಿ, ಪಾಟೀಲ್ರ. ಇದು ಹೆಂಗಿರತೈತಿ ಅಂತ" ಎಂದ.

"ಗೊತ್ತೈತಿ ಅಂತನ ಹೇಳಾಕತ್ತೀನಿ" ಎಂದರು ಪಾಟೀಲರು.

ಅಂಗಿ ತೊಟ್ಟುಕೊಳ್ಳಲು ಅವನಿಗೆ ಯಾರಾದರೂ ತೋಳು ಹಿಡಿದು ನೆರವಾಗಬೇಕಿತ್ತು. ನಾನು ಎದ್ದೆ. ಅವನು ಬೇಡವೆಂದು ತಲೆಯಾಡಿಸಿ, ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟ. ಅವನಿಗೆ ಬುತ್ತಿ ಕಟ್ಟಿಕೊಡಲು ಪಾಟೀಲರು ಹೇಳಿದರು. ಅದನ್ನು ಆಳು ತರುವಷ್ಟರಲ್ಲಿ ಅವನು ಊರ ಅಗಸೆಬಾಗಿಲು ದಾಟಿದ್ದ. ನಾನು ತಿರುಗಿ ಬಂದು ಪಾಟೀಲರ ಮೊಣಕಾಲಿಗೆ ಫಲಕ ಕಟ್ಟಿದೆ. ಸಂಬಳದ ಕೆಲಸವೆಂದರೆ ಇದು. ದೊಡ್ಡ ಡಾಕ್ಟರ ಮೇಲೆ ನನಗಿರುವ ಸಿಟ್ಟು ಸುಲಭದ್ದು. ಪಾಟೀಲರ ಮೇಲಿನದು ಇವತ್ತಿಗೂ ಒಂದು ಕಡೆ ನಿಲ್ಲುವುದಿಲ್ಲ. ನೋವು ಮನುಷ್ಯನನ್ನು ಮೃದು ಮಾಡುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಆ ಪಡಸಾಲೆ ನೆನಪಾಗುತ್ತದೆ.

ಹೊಸ ಸೆಲ್ಲುಗಳು ಬಂದದ್ದು ಪಾಟೀಲರು ತೀರಿಕೊಂಡು ದಿನಕರ್ಮವೆಲ್ಲ ಮುಗಿದ ಮೇಲೆ. ಅವನ್ನು ತುಂಬಿಕೊಂಡೇ ಪೆಟ್ಟಿಗೆಯ ಸಮೇತ ಸೊಲ್ಲಾಪುರಕ್ಕೆ ಮರಳಿದೆ. ವಾರ್ಡಿನಲ್ಲಿ ವಿಚಾರಿಸಿದಾಗ ತಿಳಿಯಿತು: ತಡವಳದಿಂದ ಬೀರಪ್ಪ ನೇರವಾಗಿ ಆಸ್ಪತ್ರೆಗೇ ಬಂದು ದೊಡ್ಡ ಡಾಕ್ಟರ ಕಾಲು ಹಿಡಿದಿದ್ದ. ಈ ಸಲ ಅವರು ನಾಟಕವೆನ್ನಲಿಲ್ಲ. ಪಾಟೀಲರ ನೋವನ್ನು ಒಪ್ಪಿಕೊಂಡ ಮೇಲೆ ಇವನದ್ದನ್ನೂ ಒಪ್ಪಬೇಕಾಯಿತೇನೋ. ನರದ ಬುಡದಲ್ಲಿ ಗಂಟಾಗಿದೆ, ಇನ್ನಷ್ಟು ಮೇಲೆ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಉಳಿದಿದ್ದ ತೋಳನ್ನೂ ಭುಜದ ಕೀಲಿನಲ್ಲೇ ತೆಗೆದಿದ್ದರು. ಗಾಯ ಚೆನ್ನಾಗಿ ಮಾಗಿತಂತೆ. ಅವನು ಊರಿಗೆ ಹೋದನಂತೆ. ಮತ್ತೆ ಬರಲಿಲ್ಲವಂತೆ.

ಊರಿನ ಡಾಕ್ಟರುಗಳೆಲ್ಲ ಸೇರಿದ ಒಂದು ಸಭೆಯಲ್ಲಿ ದೊಡ್ಡ ಡಾಕ್ಟರು ಈ ಶಸ್ತ್ರಚಿಕಿತ್ಸೆಯ ವಿಷಯ ಹೇಳಿದರು. ಚಹಾ ಕೊಡುವುದನ್ನು ನೋಡಿಕೊಳ್ಳಲು ನಾನು ಅಲ್ಲಿದ್ದೆ. "ರೋಗಿ ಪೂರ್ತಿ ಗುಣವಾಗಿದ್ದಾನೆ. ಮತ್ತೆ ನಮ್ಮ ಕಡೆ ಮುಖ ಹಾಕಿಲ್ಲ" ಎಂದರು. ಎಲ್ಲರೂ ನಕ್ಕರು, ಸಂತೋಷಪಟ್ಟರು. ಸರೋಜಾ, ನಿಮ್ಮಲ್ಲಿ ಈಗ ಗೋಡೆಗೆ ಜೋಡಿಸುವ ಹೊಸ ಯಂತ್ರಗಳಿವೆ, ಸೆಲ್ಲು ಸೋಲುವ ಮಾತಿಲ್ಲ. ಆದರೆ ಬಾರದೆ ಹೋದ ರೋಗಿಯನ್ನು ಗುಣವಾದವನೆಂದು ಬರೆದುಕೊಳ್ಳುವುದು ಈಗಲೂ ಇದೆ. ನಾನು ಕೆಲಸ ಬಿಡುವವರೆಗೂ ಇತ್ತು.

ಆ ಸಭೆಯ ಮರುದಿನ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ರಜೆಯ ದಿನ ಪೆಟ್ಟಿಗೆಯನ್ನು ಬೋರಾಮಣಿಗೆ ಒಯ್ಯುತ್ತೇನೆ, ಸಂಜೆಗೆ ತಂದಿಡುತ್ತೇನೆ ಎಂದು ಕೇಳಿದೆ.

"ಯಾಕೆ?"

"ಬೀರಪ್ಪನನ್ನು ನೋಡಿಬರುತ್ತೇನೆ."

"ಗುಣವಾದವನಿಗೆ ಚಿಕಿತ್ಸೆ ಯಾಕೆ ಬಾಯಿ?" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ.

ಬರಿಗೈಯಲ್ಲೇ ಹೋದೆ. ಬೋರಾಮಣಿಯ ಹುಲ್ಲುಗಾವಲು ಆಗ ಒಣಗಿ ಬೆಳ್ಳಗಾಗಿತ್ತು. ಕುರಿಹಟ್ಟಿಯ ಹತ್ತಿರ ಲಗಮವ್ವ ನನ್ನನ್ನು ದೂರದಿಂದಲೇ ಗುರುತಿಸಿದಳು. ಬೀರಪ್ಪ ಗುಡಾರದ ನೆರಳಲ್ಲಿ ಕೂತಿದ್ದ. ಭುಜದ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಿದ್ದ. ಗಡ್ಡ ಬೆಳೆದು ಮುದುಕನಂತೆ ಕಾಣುತ್ತಿದ್ದ.

"ನೋವು ಹೆಂಗೈತಿ?" ಎಂದೆ.

"ತೋಳ ಹ್ವಾತ್ರಿ, ಬಾಯಾರ. ಮುಷ್ಟಿ ಹೋಗಲಿಲ್ಲ. ಮೇಲ ಏರಿ ಭುಜದಾಗ ಕುಂತೈತಿ. ಮೊದಲ ಹೊರಗರ ಇತ್ತು. ಈಗ ಮೈಯಾಗ ಐತಿ."

"ದವಾಖಾನಿಗೆ ಯಾಕ ಬರಲಿಲ್ಲ?"

"ಇನ್ನ ಕೊಯ್ಯಾಕ ಏನ ಉಳದೈತ್ರಿ?"

ಅಷ್ಟು ಹೇಳಿ ಅವನು ನನ್ನ ಕೈಯನ್ನು ನೋಡಿದ. ಬಳಿಕ ನನ್ನ ಹಿಂದೆ, ನಾನು ನಡೆದುಬಂದಿದ್ದ ದಾರಿಯ ಕಡೆ, ಯಾರಾದರೂ ಹೊತ್ತು ತರುತ್ತಿದ್ದಾರೇನೋ ಎಂಬಂತೆ ಕತ್ತು ಚಾಚಿದ.

"ಪೆಟಿಗಿ ತಂದೀರೇನ್ರಿ?"

"ಇಲ್ಲಪ್ಪ" ಎಂದೆ.

ಅವನು ಹೆಂಡತಿಯ ಕಡೆ ತಿರುಗಿ, "ಬಿಸಲಾಗ ಬಂದಾರ, ಹಾಲ ಕಾಸಿ ಕೊಡು" ಎಂದ. ನನಗೆ, "ಕುಂದರ್ರಿ, ಬಾಯಾರ. ಕುಡದು ಹೋಗ್ರಿ" ಎಂದ.

ಲಗಮವ್ವ ಕುರಿಯ ಹಾಲು ಕಾಸಿ ತಂದಳು. ನಾನು ಕುಡಿದು ಮುಗಿಸುವವರೆಗೆ ಬೀರಪ್ಪ ಎಡಗೈಯಿಂದ ಭುಜ ಒತ್ತಿ ಹಿಡಿದುಕೊಂಡು, ಮರ್ಯಾದೆ ತಪ್ಪದಂತೆ, ಎದುರಿಗೇ ಕೂತಿದ್ದ.